ಹೆಸರು ಹಾಕಿದ ಮೇಲೆ ವಾಪಸ್ ಇಲ್ಲ

ಈ ಕೆಲಸಕ್ಕೆ ಹೊಸದಾಗಿ ಬಂದಿದ್ದೀರಿ, ನಾನು ಎದ್ದ ಕುರ್ಚಿ ಇನ್ನೂ ಬಿಸಿ ಇದೆ, ಅದಕ್ಕೇ ಹೇಳ್ತೀನಿ ಕೇಳಿ. ರೊಬೋಟ್ ಸ್ಪರ್ಧೇಲಿ ಗೆದ್ದ ಮಕ್ಕಳಿಗೆ ಬಹುಮಾನ ಆರಿಸೋಕೆ ಬುದ್ಧಿ ಬೇಕಾಗಿಲ್ಲ. ಟ್ರೋಫಿ ಎತ್ತರ ಇದ್ರೆ ಸಾಕು. ಸೋತು ಬಸ್ಸು ಹತ್ತೋ ಮಕ್ಕಳ ಕೈಗೆ ಏನು ಕೊಟ್ಟು ಕಳಿಸ್ತೀರಿ ಅನ್ನೋದ್ರಲ್ಲಿ ನಮ್ಮೆಲ್ಲರ ಬಂಡವಾಳ ಬಯಲಾಗೋದು. ನನ್ನ ಸರ್ವೀಸಿನ ಕೊನೇ ವರ್ಷಗಳೆಲ್ಲ ಅದರಲ್ಲೇ ಕಳೆದವು.

ನಾನು ಪುಟ್ಟಲಕ್ಷ್ಮಿ. ದಂಡಿಗನಹಳ್ಳಿ, ಹೊಳೆನರಸೀಪುರ ಅಂತ ಊರೂರಲ್ಲಿ ವಿಜ್ಞಾನ ಪಾಠ ಮಾಡಿ, ಸೀಮೆಸುಣ್ಣದ ಪುಡಿ ಕುಡಿದು, ಕೊನೆಗೆ ಹಾಸನದ ಸ್ಪರ್ಧಾ ಸಮಿತಿಗೆ ಬಂದು ಬಿದ್ದವಳು. "ಸುಲಭದ ಕೆಲ್ಸ ಮೇಡಂ, ನಿವೃತ್ತಿಗೆ ಮುಂಚೆ ಆರಾಮಾಗಿರಿ" ಅಂತ ಕಳಿಸಿದರು. ಆರಾಮ! ಮದುವೆ ಮನೇಲಿ ಊಟದ ಉಸ್ತುವಾರಿ ವಹಿಸಿಕೊಂಡವನಿಗೆ ಇರೋ ಅಷ್ಟು ಆರಾಮ ಇತ್ತು.

ಸ್ಪರ್ಧೆ ಹೇಗೆ ಅಂತ ಮೊದಲು ಹೇಳಿಬಿಡ್ತೀನಿ. ತಾಲ್ಲೂಕುಗಳಿಂದ ಶಾಲಾ ತಂಡಗಳು ಬರ್ತವೆ. ಸಮಿತಿಯಿಂದ ಪ್ರತಿ ತಂಡಕ್ಕೂ ಒಂದು ಪೆಟ್ಟಿಗೆ. ಅದರಲ್ಲಿ ಮೋಟರು, ಚಕ್ರ, ಬ್ಯಾಟರಿ, ಕಣ್ಣಿನ ಥರ ಕೆಲಸ ಮಾಡೋ ಸೆನ್ಸರು, ತಳಕ್ಕೆ ಒಂದು ಅಲ್ಯೂಮಿನಿಯಂ ತಗಡು. ಮಕ್ಕಳು ತಿಂಗಳಾನುಗಟ್ಟಲೆ ಶಾಲೆ ಬಿಟ್ಟ ಮೇಲೆ ಕೂತು ಅದನ್ನ ಜೋಡಿಸಿ ಒಂದು ಪುಟ್ಟ ಗಾಡಿ ಮಾಡಬೇಕು. ಆ ಗಾಡಿ ಬಿಳೀ ಹಲಗೆ ಮೇಲಿನ ಕಪ್ಪು ಗೆರೆ ಹಿಡಿದುಕೊಂಡು ಹೋಗಿ ಒಂದು ಆಲೂಗಡ್ಡೆನ ಬುಟ್ಟಿಗೆ ತಳ್ಳಬೇಕು. ಹಾಸನ ಅಂದ್ಮೇಲೆ ಆಲೂಗಡ್ಡೆ ಬಿಟ್ಟು ಇನ್ನೇನು ತಳ್ಳಿಸೋಕಾಗುತ್ತೆ? ಸ್ಪರ್ಧೆ ಮುಗಿದ ಕೂಡಲೇ ಗಾಡಿ ಬಿಚ್ಚಿ, ಪೆಟ್ಟಿಗೆಗೆ ತುಂಬಿ, ವಾಪಸ್ ಕೊಟ್ಟು ಹೋಗಬೇಕು. ಈ ಕೊನೇ ನಿಯಮ ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಅಲ್ಲೇ ಇದೆ.

ನಮ್ಮ ಸಮಿತಿ ಕಾರ್ಯದರ್ಶಿ ತಿಮ್ಮೇಗೌಡ್ರು. ಒಳ್ಳೇ ಮನುಷ್ಯ, ಆದರೆ ಒಂದು ಬಲ್ಬು ಬದಲಾಯಿಸೋಕೂ ಹಳೇ ಬಲ್ಬು ತಂದು ತೋರಿಸಿ ಅನ್ನೋ ಪೈಕಿ. ನಾನು ಸೇರಿದ ಹೊಸದರಲ್ಲಿ ಹೊಳೆನರಸೀಪುರದಲ್ಲಿ ಸ್ಪರ್ಧೆ ಇತ್ತು. ಭಾಗವಹಿಸಿದ ಮಕ್ಕಳಿಗೆಲ್ಲ ಪುಟ್ಟ ಪುಟ್ಟ ಟ್ರೋಫಿ. ಪೆಟ್ಟಿಗೆ ಒಡೆದು ನೋಡಿದರೆ ಎಲ್ಲದರ ಮೇಲೂ ಕಬಡ್ಡಿ ಆಡೋ ಬೊಂಬೆ! ಯಾವುದೋ ಟೂರ್ನಮೆಂಟಲ್ಲಿ ಉಳಿದದ್ದನ್ನ ಅಂಗಡಿಯವನು ನಮಗೆ ಸಾಗಹಾಕಿದ್ದ. "ಇದೇನು ಸಾರ್, ರೊಬೋಟಿಗೂ ಕಬಡ್ಡಿಗೂ ಏನು ಸಂಬಂಧ?" ಅಂದೆ. "ಎರಡರಲ್ಲೂ ಗೆರೆ ಇರುತ್ತಲ್ಲ ಮೇಡಂ" ಅಂದರು.

ಚನ್ನರಾಯಪಟ್ಟಣದ ಸರದಿ ಬಂದಾಗ, ಪ್ಲಾಸ್ಟಿಕ್ ಬೇಡ, ಪರಿಸರಕ್ಕೆ ಒಳ್ಳೇದಾಗೋದು ಏನಾದರೂ ಕೊಡೋಣ ಅಂತ ಯಾರೋ ಹೇಳಿದರು. ಸರಿ, ಮಗುವಿಗೊಂದು ತೆಂಗಿನ ಸಸಿ. ಭಾಷಣಗಳು ಬಹಳ ಚೆನ್ನಾಗಿದ್ದವು. ಸಾಯಂಕಾಲ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು, "ಲಗೇಜ್ ಟಿಕೆಟ್ ತಗೊಳ್ರೋ, ಇಲ್ಲ ಗಿಡ ಇಳಿಸ್ರೋ" ಅಂತ ಶುರುಮಾಡಿದ. ಮಕ್ಕಳ ಹತ್ತಿರ ದುಡ್ಡೆಲ್ಲಿ? ಸಸಿಗಳನ್ನೆಲ್ಲ ಸಾಲಾಗಿ ಅಲ್ಲೇ ಇಟ್ಟು ಹತ್ತಿಕೊಂಡವು. ಬಸ್ ಸ್ಟ್ಯಾಂಡಿನ ಬೀಡಾಡಿ ದನಗಳು ಆ ವರ್ಷ ನಮ್ಮ ಸಮಿತಿಗೆ ಭಾರೀ ಆಶೀರ್ವಾದ ಮಾಡಿರಬೇಕು.

ಆಮೇಲೆ ಬಂತು ನೋಡಿ ಸ್ಟೀಲ್ ತಟ್ಟೆ. ರಂಗೇಗೌಡ್ರು ಅಂತ ಕಲ್ಯಾಣ ಮಂಟಪದ ಯಜಮಾನರು, ನಮ್ಮ ಸ್ಪರ್ಧೆಗೆ ಖಾಯಂ ಮುಖ್ಯ ಅತಿಥಿ. ಅವರೇ, "ಮಕ್ಕಳಿಗೆಲ್ಲ ಒಂದೊಂದ್ ಒಳ್ಳೇ ತಟ್ಟೆ ನಾನ್ ಕೊಡ್ತೀನಿ ಕಣಮ್ಮ, ಉಣ್ಣೋವಾಗ ನೆನುಸ್ಕಳ್ಳಿ" ಅಂದರು. ಕೊಟ್ಟವರ ಹೆಸರಿಲ್ಲದೆ ನಮ್ಮ ಕಡೆ ಸ್ಟೀಲ್ ಪಾತ್ರೆ ಅಂಗಡಿಯಿಂದ ಆಚೆ ಬರೋದುಂಟೇ? ಮಿಷಿನ್ನಲ್ಲಿ ಜೀರ್ ಅಂತ ಕೊರೆಸಿ, ಅಂಚಿನ ಉದ್ದಕ್ಕೂ "ರಂಗೇಗೌಡ ಮತ್ತು ಕುಟುಂಬದವರ ಪ್ರೀತಿಯ ಕೊಡುಗೆ" ಅಂತ ಹಾಕಿಸಿದರು. ರೊಬೋಟು, ವಿಜ್ಞಾನ, ಸ್ಪರ್ಧೆ ಅನ್ನೋ ಒಂದಕ್ಷರಾನೂ ಅದರಲ್ಲಿ ಇರಲಿಲ್ಲ. ಆ ವರ್ಷವೇ ನಾನು ಕಾವ್ಯನ ನೋಡಿದ್ದು.

ಕಾವ್ಯ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯ ಹುಡುಗಿ, ಎಂಟನೇ ಕ್ಲಾಸು. ಅವಳ ತಂಡದಲ್ಲಿ ಇನ್ನಿಬ್ಬರು ಇದ್ದರು, ಆದರೆ ಗಾಡಿ ಇವಳ ಕೈಲೇ ಇರೋದು. ಹಾಸನದ ಬಯಲಲ್ಲಿ ಶಾಮಿಯಾನ, ವೇದಿಕೆ, ವೇದಿಕೆ ಪಕ್ಕ ಆಳೆತ್ತರಕ್ಕಿಂತ ದೊಡ್ಡ ಫ್ಲೆಕ್ಸು, ಫ್ಲೆಕ್ಸಲ್ಲಿ ಕೈಮುಗಿದು ನಗ್ತಿರೋ ರಂಗೇಗೌಡ್ರು. ಕಾವ್ಯನ ಗಾಡಿ ಗೆರೆ ಹಿಡಿದು ಚೆನ್ನಾಗೇ ಹೊರಟಿತು. ಅಷ್ಟರಲ್ಲಿ ಬಿಸಿಲು ವಾಲಿ ಫ್ಲೆಕ್ಸಿನ ನೆರಳು ಹಲಗೆ ಮೇಲೆ ಅಡ್ಡ ಬಿತ್ತು. ಸೆನ್ಸರಿಗೇನು ಗೊತ್ತು, ಗೆರೆ ಯಾವುದು, ಗೌಡರು ಯಾರು ಅಂತ? ಕಪ್ಪಗಿರೋದು ಕಂಡಿತು, ಗೆರೆ ಬಿಟ್ಟು ನೆರಳಿನ ಅಂಚು ಹಿಡಿಯಿತು, ಸೀದಾ ಹೋಗಿ ಹಲಗೆಯಿಂದ ಕೆಳಗೆ ದೊಪ್ಪನೆ ಬಿತ್ತು.

"ಸಾರ್, ಆ ಫ್ಲೆಕ್ಸ್ ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ಅವಕಾಶ ಕೊಡೋಣ" ಅಂದೆ.

ತಿಮ್ಮೇಗೌಡ್ರು ಗಾಬರಿಯಾಗಿ, "ಅವರು ವೇದಿಕೆ ಮೇಲಿದ್ದಾರೆ ಮೇಡಂ, ಅವರ ಕಣ್ಣೆದುರಿಗೇ ಅವರನ್ನ ಸರಿಸೋದೇ?" ಅಂದರು. ಪಕ್ಕದಲ್ಲಿದ್ದವರೊಬ್ಬರು, "ನೋಡಿ, ಮಿಷಿನ್ನಿಗೂ ದೊಡ್ಡೋರು ಅಂದ್ರೆ ಗೌರವ" ಅಂತ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಸೋತದ್ದಕ್ಕೆ ಆ ಹುಡುಗಿ ಅಳಲಿಲ್ಲ. ವೇದಿಕೆ ಮೇಲೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ನಡೀತಾ ಇರೋವಾಗ ಕೆಳಗೆ ಮಕ್ಕಳೆಲ್ಲ ಸ್ಕ್ರೂಡ್ರೈವರ್ ಹಿಡಿದು ಗಾಡಿ ಬಿಚ್ಚೋಕೆ ಕೂತವಲ್ಲ, ಆಗ ಅತ್ತಳು. ಗಾಡಿನ ಎದೆಗವಚಿಕೊಂಡು, "ಬಿಚ್ಬ್ಯಾಡಿ ಮೇಡಂ. ನಮ್ಮವ್ವ ಕೂಲಿ ಬುಟ್ಟು ಬರಾಕಾಗ್ನಿಲ್ಲ. ಒಂದ್ಸಲ ತೋರ್ಸ್ಬುಟ್ಟು ನಾಳೀಕೇ ತಂದ್ಕೊಟ್ಬುಡ್ತೀನಿ" ಅಂದಳು.

ತಿಮ್ಮೇಗೌಡ್ರನ್ನ ಕೇಳಿದೆ. "ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ" ಅಂದರು. ಎಲ್ಲರೂ ಕೇಳಿದರೆ ಏನು ತಪ್ಪು ಅಂತ ಅವರಿಗೂ ಗೊತ್ತಿರಲಿಲ್ಲ. ಕಾವ್ಯ ಗಾಡಿ ಬಿಚ್ಚಿ, ಒಂದೊಂದೇ ಸ್ಕ್ರೂ ಎಣಿಸಿ ಪೆಟ್ಟಿಗೆಗೆ ಹಾಕಿ, ಗೌಡರ ಹೆಸರಿನ ತಟ್ಟೆ ಕಂಕುಳಲ್ಲಿ ಇಟ್ಟುಕೊಂಡು ಹೋದಳು.

ಒಂದೆರಡು ತಿಂಗಳ ಮೇಲೆ ಮಲ್ಲಿಪಟ್ಟಣದ ಶಾಲೆಗೆ ಹೋಗಿದ್ದೆ. ಕಾವ್ಯನ ತಾಯಿ ದೇವೀರಮ್ಮ ಆ ತಟ್ಟೆ ಹಿಡಿದುಕೊಂಡೇ ಬಂದಳು. "ಮೇಡಂ, ನೀವಾದ್ರೂ ದಿಟ ಏಳಿ. ಇದು ಯಾವ್ ಮದ್ವೇದು?"

"ಮದುವೇದಲ್ಲಮ್ಮ, ಸ್ಪರ್ಧೇದು. ನಿನ್ನ ಮಗಳು ಮಿಷಿನ್ ಮಾಡಿದ್ಳು, ಅದಕ್ಕೆ ಕೊಟ್ಟಿದ್ದು."

"ಇದ್ರಾಗೆ ಯಾರೋ ಗೌಡ್ರು ಎಸ್ರೈತಲ್ಲ, ಊರೋರೆಲ್ಲ ಓದವ್ರೆ. ರೋಬೊಟ್ಟು ಗೀಬೊಟ್ಟು ಅಂತ ಸುಳ್ಳೇಳ್ಬುಟ್ಟು ಮದ್ವೆ ಊಟಕ್ ಓಗವ್ಳೆ ಅಂತಾರೆ. ದಿನಾ ಸಂಜೆಗಂಟ ಸ್ಕೂಲಾಗಿರ್ತೀನಿ ಅಂತಾಳೆ. ಏನ್ ಮಾಡ್ತಾಳೋ, ಎಲ್ಲೋಗ್ತಾಳೋ ನಾನ್ ಕಂಡಿಲ್ಲ."

"ನಾನು ಹೇಳ್ತಿದ್ದೀನಲ್ಲಮ್ಮ, ನಂಬು."

"ನಿಮ್ ಮಾತ್ನ ನಂಬ್ತೀನಿ. ಊರೋರ ಬಾಯ್ಗೆ ಏನ್ ಆಕ್ಲಿ? ಈ ಒಂದ್ ವರ್ಸ ಕಳುಸ್ತೀನಿ ಮೇಡಂ. ಅದೇನ್ ಮಿಷಿನ್ನೋ ಮನೇಗ್ ತಂದು ತೋರುಸ್ಲಿ. ಬರ್ನಿಲ್ವಾ, ಸ್ಕೂಲ್ ಬುಟ್ಟೇಟ್ಗೆ ಸೀದಾ ಮನೇಗೆ ಬರ್ಬೇಕು, ಅಷ್ಟೇಯ."

ಕಾವ್ಯ ಬಾಗಿಲ ಹತ್ತಿರ ನಿಂತು ನನ್ನ ಮುಖಾನೇ ನೋಡ್ತಿದ್ದಳು. ನೋಡಿ, ನಾವು ಮಗುವಿಗೆ ಪ್ರೋತ್ಸಾಹ ಅಂತ ಕೊಟ್ಟ ತಟ್ಟೆ ಆ ಮಗುವನ್ನೇ ಸುಳ್ಳಿ ಮಾಡಿತ್ತು. ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಸಿಟ್ಟು ಹೆಚ್ಚಾಯಿತು.

ಮುಂದಿನ ಸ್ಪರ್ಧೆಗೆ ಸಭೆ ಸೇರಿತು. ಮೇಜಿನ ಮೇಲೆ ಖಾರಾಬೂಂದಿ, ಮೈಸೂರ್ ಪಾಕು, ಕಾಫಿ. ತಿಮ್ಮೇಗೌಡ್ರು ಗಂಟಲು ಸರಿಮಾಡಿಕೊಂಡು, "ಈ ಸಲ ಭಾಗವಹಿಸಿದ ಮಕ್ಕಳ ಬಹುಮಾನ ಅರ್ಥಪೂರ್ಣವಾಗಿರಬೇಕು" ಅಂದರು. ಒಬ್ಬರು ನೀರಿನ ಬಾಟಲಿ ಅಂದರು. ಇನ್ನೊಬ್ಬರು ಗೋಡೆ ಗಡಿಯಾರ, ಸಮಯದ ಬೆಲೆ ತಿಳಿಯುತ್ತೆ ಅಂದರು. ಮೂರನೆಯವರು ಅತಿಥಿಗಳ ಜೊತೆ ಮಕ್ಕಳ ಫೋಟೋ ತೆಗೆದು ಚೌಕಟ್ಟು ಹಾಕಿಸಿ ಕೊಡೋಣ ಅಂದರು. ಅತಿಥಿಗಳು ಮುಂದೆ, ಮಕ್ಕಳು ಹಿಂದೆ ಅಂತ ಬೇರೆ ಸೇರಿಸಿದರು.

ನಾನು, "ಏನೂ ಬೇಡ. ಅವು ಮಾಡಿದ ಗಾಡಿನ ಅವಕ್ಕೇ ಕೊಟ್ಟು ಕಳಿಸಿ. ಮನೆಗೆ ಒಯ್ದು ತೋರಿಸಲಿ, ಬರೋ ವರ್ಷ ಅದನ್ನೇ ತರಲಿ" ಅಂದೆ.

ತಿಮ್ಮೇಗೌಡ್ರ ಕೈಲಿದ್ದ ಬೂಂದಿ ಬಿದ್ದುಹೋಯಿತು. "ಸ್ಟಾಕು ಮೇಡಂ! ಅದು ಸ್ಟಾಕು!"

"ಎಂಥ ಸ್ಟಾಕು ಸಾರ್? ಸ್ಪರ್ಧೆ ಮುಗಿದ ಮೇಲೆ ಪೆಟ್ಟಿಗೆಗಳು ನಮ್ಮ ಗೋಡೌನಲ್ಲಿ ಕೊಳೀತವೆ. ಹೋದ ವರ್ಷ ಇಲಿಗಳು ಅರ್ಧ ವೈರು ತಿಂದುಹಾಕಿದ್ದವು. ಇಲಿಗೆ ಕೊಡ್ತೀರಿ, ಮಕ್ಕಳಿಗೆ ಕೊಡಲ್ಲ."

ಅದಕ್ಕವರು ಕೊಟ್ಟ ಉತ್ತರ ನೀವು ಚೌಕಟ್ಟು ಹಾಕಿಸಿ ಇಟ್ಟುಕೊಳ್ಳಬಹುದು. "ಇಲಿ ತಿಂದದ್ದನ್ನ ಬರೆಯೋಕೆ ನಮ್ಮಲ್ಲಿ ಕಾಲಂ ಇದೆ ಮೇಡಂ. ಮಕ್ಕಳು ತಗೊಂಡು ಹೋದದ್ದನ್ನ ಬರೆಯೋಕೆ ಕಾಲಂ ಇಲ್ಲ."

ಸಭೆ ಮುಗಿಯಿತು. ಬಹುಮಾನ ಮತ್ತೆ ಸ್ಟೀಲೇ ಅಂತಾಯಿತು. ಈ ಸಲ ಲೋಟ. "ಗೌಡರ ಹತ್ತಿರ ನೀವೇ ಹೋಗಿ ಒಪ್ಪಿಸ್ಕೊಂಡು ಬನ್ನಿ" ಅಂತ ನನ್ನನ್ನೇ ಅಟ್ಟಿದರು.

ರಂಗೇಗೌಡ್ರು ಆಗಷ್ಟೇ ಬೂವನಹಳ್ಳಿ ಕಡೆ ಹೊಸ ಮನೆ ಕಟ್ಟಿಸಿದ್ದರು. ಏರ್‌ಪೋರ್ಟ್ ಬಂದರೆ ಬಾಲ್ಕನಿಯಲ್ಲಿ ಕೂತು ವಿಮಾನ ನೋಡಬೇಕು ಅಂತ ಅವರ ಆಸೆ. ನಾನು ಹೋದಾಗ ಬಾಲ್ಕನಿಯಲ್ಲೇ ಕೂತಿದ್ದರು, ಮುಖ ಮಾತ್ರ ಊದಿಕೊಂಡಿತ್ತು. ಲೋಟದ ವಿಷಯ ಎತ್ತಿದ್ದೇ ತಡ, "ಸ್ಟೀಲ್ ಮಾತ್ ಎತ್ಬ್ಯಾಡ ಕಣಮ್ಮ!" ಅಂತ ಗುಡುಗಿದರು. ಒಳಗೆ ಅವರ ಮನೆಯವರು ಕಿಸಕ್ಕಂತ ನಕ್ಕರು.

ನಗ್ತಾ ನಗ್ತಾ ಆಕೆಯೇ ಹೇಳಿದರು. ಗೃಹಪ್ರವೇಶಕ್ಕೆ ಜನ ಮುಯ್ಯಿ ತಂದಿದ್ದರಲ್ಲ, ಬಣ್ಣದ ಕಾಗದ ಬಿಚ್ಚಿ ನೋಡಿದರೆ ಒಂದರೊಳಗೆ ಸ್ಟೀಲ್ ತಟ್ಟೆ, ತಟ್ಟೆ ಮೇಲೆ "ರಂಗೇಗೌಡ ಮತ್ತು ಕುಟುಂಬದವರ ಪ್ರೀತಿಯ ಕೊಡುಗೆ". ಯಾವುದೋ ಮಗುವಿನ ಮನೆಯಿಂದ ಯಾರದೋ ಮದುವೆಗೆ ಹೋಗಿ, ಅಲ್ಲಿಂದ ಇನ್ನೊಂದು ಮದುವೆಗೆ ಹೋಗಿ, ಸುತ್ತಿ ಸುತ್ತಿ ಕೊಟ್ಟವರ ಮನೆಗೇ ಬಂದಿತ್ತು.

"ನನ್ ಎಸ್ರುನ್ನ ನಂಗೇ ಮುಯ್ಯಿ ಕೊಟ್ಟವ್ರಲ್ಲಮ್ಮ! ನೆಂಟ್ರೆಲ್ಲ ಬಿದ್ ಬಿದ್ ನಗ್ತಾವ್ರೆ" ಅಂದರು ಗೌಡರು.

ಕಬ್ಬಿಣ ಕಾದಿತ್ತು, ಬಡಿಯೋಣ ಅಂತ ಕಾವ್ಯನ ಕಥೆಯೆಲ್ಲ ಹೇಳಿದೆ. ಫ್ಲೆಕ್ಸಿನ ನೆರಳು, ದೇವೀರಮ್ಮನ ಮಾತು, ಮದುವೆ ಊಟದ ಅಪವಾದ, ಏನೂ ಬಿಡಲಿಲ್ಲ. ಗೌಡರು, "ಆ ಮಗು ನನ್ನಿಂದ ಮಾತ್ ಕೇಳಂಗಾಯ್ತಾ? ಥೂ" ಅಂದರು. "ನನ್ ಎಸ್ರು ಬ್ಯಾಡ. ಮಕ್ಳು ಎಸ್ರೇ ಆಕ್ಸು. ಯಾತುರ್ ಮ್ಯಾಲಾದ್ರೂ ಆಕ್ಸು, ನಾನ್ ನಿಂತ್ಕತೀನಿ."

ಯಾತರ ಮೇಲೆ ಅನ್ನೋದು ನನಗೆ ಹೊಳೆದದ್ದು ಪಾತ್ರೆ ಅಂಗಡಿಯಲ್ಲಿ. ಲೋಟ ನೋಡೋಣ ಅಂತ ಶೆಟ್ಟರ ಅಂಗಡಿಗೆ ಹೋದರೆ, ಒಬ್ಬಾಕೆ ಹೆಸರು ಕೊರೆಸಿದ ಕೊಳದಪ್ಪಲೆ ಹಿಡಿದು, ವಾಪಸ್ ತಗೊಳ್ಳಿ ಅಂತ ಜಗಳಕ್ಕೆ ನಿಂತಿದ್ದಳು. ಶೆಟ್ಟರು ತಲೆ ಮೇಲಿನ ಬೋರ್ಡು ತೋರಿಸಿದರು: ಹೆಸರು ಹಾಕಿದ ಪಾತ್ರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಆಕೆ ಬೋರ್ಡು ನೋಡಿ, ತನ್ನ ಕೊಳದಪ್ಪಲೆ ನೋಡಿ, ಬಾಯಿ ಮುಚ್ಚಿಕೊಂಡು ಹೋದಳು. ಅಲ್ಲ, ಎಂಥ ಕಾನೂನು ಕಣ್ರೀ ಅದು! ಹಾಸನದಲ್ಲಿ ಅದರ ಮೇಲೆ ಅಪೀಲಿಲ್ಲ.

ಮಾರನೇ ದಿನ, ಪೆಟ್ಟಿಗೆಗಳನ್ನ ಶಾಲೆಗಳಿಗೆ ಹಂಚೋ ಮುಂಚೆ, ಅವುಗಳ ತಳದ ಅಲ್ಯೂಮಿನಿಯಂ ತಗಡನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಶೆಟ್ಟರ ಅಂಗಡಿಗೆ ಹೋದೆ. ಹೆಸರು ಹಾಕೋನು ತಗಡು ತಿರುಗಿಸಿ ತಿರುಗಿಸಿ ನೋಡಿ, "ಇದ್ಯಾವ್ ಪಾತ್ರೆ ಮೇಡಂ? ಯಾರಿಂದ ಅಂತ ಆಕ್ಲಿ?" ಅಂದ.

"ಯಾರಿಂದ ಅಂತ ಬೇಡಪ್ಪ. ಯಾರದು ಅಂತ ಹಾಕು."

"ಕೊಟ್ಟೋರ ಎಸ್ರೇ ಇಲ್ದಂಗಾ? ಮತ್ ಯಾಕ್ ಕೊಡ್ತಾರೆ ಅವ್ರು?" ಅಂದ. ನಮ್ಮ ಸಮಿತಿಯ ಅಷ್ಟೂ ವರ್ಷದ ತತ್ವ ಅವನು ಒಂದೇ ಮಾತಲ್ಲಿ ಹೇಳಿಬಿಟ್ಟ. ಆದರೂ ಶಾಲೆಗಳು ಕಳಿಸಿದ್ದ ಪಟ್ಟಿ ನೋಡಿಕೊಂಡು, ತಗಡಿನ ಅಡಿಭಾಗಕ್ಕೆ ಚೆನ್ನಾಗಿ ಕೊರೆದುಕೊಟ್ಟ, ಊರು, ಶಾಲೆ, ಮಕ್ಕಳ ಹೆಸರು. ಮಲ್ಲಿಪಟ್ಟಣದ ತಗಡಿನ ಮೇಲೆ ಮೊದಲನೇ ಹೆಸರು ಕಾವ್ಯಂದು.

ಸ್ಪರ್ಧೆ ದಿನ ಫ್ಲೆಕ್ಸನ್ನ ನಾನೇ ನಿಂತು ಶಾಮಿಯಾನದ ಹಿಂದೆ ಕಟ್ಟಿಸಿದೆ. ಕಾವ್ಯನ ಗಾಡಿ ಗೆರೆ ಬಿಡಲಿಲ್ಲ, ಆಲೂಗಡ್ಡೆನೂ ತಳ್ಳಿತು. ಬುಟ್ಟಿಗೆ ಇನ್ನೇನು ಒಂದು ಗೇಣು ಇದೆ ಅನ್ನೋವಾಗ ಅಲ್ಲೇ ಗಿರಗಿರ ತಿರುಗೋಕೆ ಶುರುವಾಯಿತು, ತಿರುಗಿ ತಿರುಗಿ ಬ್ಯಾಟರಿ ಮುಗಿದು ನಿಂತಿತು. ಸೋತಳು. ಅವಳು ನೋಡಿದ್ದು ಬುಟ್ಟಿ ಕಡೆಗಲ್ಲ, ಸ್ಕ್ರೂಡ್ರೈವರ್ ಹಿಡಿದು ಬರ್ತಿದ್ದ ಗೋಡೌನ್ ಶಿವಣ್ಣನ ಕಡೆಗೆ.

ಶಿವಣ್ಣ ಅವಳ ಕೈಯಿಂದ ಗಾಡಿ ತಗೊಂಡು ಬೋರಲು ಹಾಕಿದ. ಹಾಕಿದವನು ಹಾಗೇ ನಿಂತ. "ಸಾ, ಇದ್ರಾಗೆ ಎಸ್ರಾಕವ್ರೆ!"

ತಿಮ್ಮೇಗೌಡ್ರು ಓಡಿಬಂದರು. ಒಂದು ಗಾಡಿ ನೋಡಿದರು, ಇನ್ನೊಂದು ನೋಡಿದರು. "ಏನ್ರೀ ಇದು? ಸ್ಟಾಕ್ ಮೇಲೆ ಯಾರ್ರೀ ಹೆಸರು ಹಾಕಿಸಿದ್ದು?"

"ನಾನೇ ಸಾರ್. ಬಹುಮಾನಕ್ಕೆ ಹೆಸರು ಹಾಕಿಸೋದು ನಮ್ಮಲ್ಲಿ ಪದ್ಧತಿ ಅಲ್ವೇ? ಹಾಕಿಸಿದೆ."

"ಬಿಚ್ಚಿಸ್ರೀ ಮೊದಲು! ಪೆಟ್ಟಿಗೆಗೆ ಹಾಕಿಸ್ರೀ!"

ಕಾವ್ಯನ ಮುಖ ಬಿಳುಚಿಕೊಂಡಿತು. ಗೌಡರು ಕೊನೇ ಗಳಿಗೇಲಿ ಕೈಕೊಟ್ಟರೆ ನನ್ನ ಪಿಂಚಣಿ ಫೈಲು ಎಷ್ಟು ನಿಧಾನಕ್ಕೆ ಓಡಾಡುತ್ತೆ ಅಂತ ನನಗೆ ಗೊತ್ತಿತ್ತು. ಅಷ್ಟರಲ್ಲಿ ರಂಗೇಗೌಡ್ರು ಪೇಟ ಸಮೇತ ವೇದಿಕೆ ಇಳಿದು ಬಂದರು. ಗಾಡಿ ಇಸ್ಕೊಂಡು ಹೆಸರುಗಳನ್ನ ಎಲ್ಲರಿಗೂ ಕೇಳೋ ಹಾಗೆ ಗಟ್ಟಿಯಾಗಿ ಓದಿದರು.

"ತಿಮ್ಮೇಗೌಡ್ರೇ, ನಿಮ್ಮನೇಲಿ ಯಾರಿಗಾದ್ರೂ ಪಾತ್ರೆ ಕೊಟ್ಟಿದ್ದೀರಾ?"

"ಕೊಟ್ಟಿದ್ದೀವಿ ಸಾರ್."

"ಎಸ್ರಾಕ್ಸಿ ಕೊಟ್ಬುಟ್ಟು ಆಮ್ಯಾಕೆ ವಾಪಸ್ ಕೊಡಿ ಅಂತ ಓಗಿದ್ದೀರಾ?"

"ಛೆ ಛೆ, ಎಲ್ಲಾದರೂ ಉಂಟೇ!"

"ಮತ್ತೆ? ಎಸ್ರಾಕಿದ್ ಸಾಮಾನ್ನ ಮಕ್ಳು ಕೈಯಿಂದ ಕಿತ್ಕಂಡ್ರೆ ಮಾನ ಉಳಿತದೇನ್ರೀ? ವಾಪಸ್ ಬಂದ್ರೆ ಎಂಗಿರ್ತದೆ ಅಂತ ನನ್ ಕೇಳಿ."

ಗೃಹಪ್ರವೇಶಕ್ಕೆ ಬಂದಿದ್ದ ನಾಲ್ಕು ಜನ ಅಲ್ಲೂ ಇದ್ದರು. ಶಾಮಿಯಾನ ಎಲ್ಲ ಗೊಳ್ಳಂತ ನಕ್ಕಿತು. ತಿಮ್ಮೇಗೌಡ್ರ ದನಿ ಇಳಿಯಿತು. "ಅದು ಸರಿ ಸಾರ್, ಆದರೆ ಬರೆಯೋಕೆ ಕಾಲಂ ಇಲ್ವಲ್ಲ..."

"ಇಲಿ ಕಾಲಮ್ಮಿಗೇ ಬರ್ಕಳಿ. ಇಲಿ ತಿಂದ್ವು ಅಂತ."

ಹಾಗೇ ಬರೆದರು ಕಣ್ರೀ, ನನ್ನಾಣೆಗೂ! ಹೊಸ ಪೆಟ್ಟಿಗೆ ಕೊಡಿಸ್ತೀನಿ ಅಂತ ಗೌಡರೇ ಮಾತು ಕೊಟ್ಟರು, ಕೊಡಿಸಿದರು. ಆ ಪೆಟ್ಟಿಗೆಗಳ ಮೇಲೆ ಅವರ ಹೆಸರು ಇದೆ, ಇರಲಿ ಪಾಪ. ಗಾಡಿ ಎದೆಗವಚಿಕೊಂಡು ಬಸ್ಸು ಹತ್ತಿದ ಮಕ್ಕಳಿಗೆ ಆವತ್ತು ಯಾವ ಕಂಡಕ್ಟರೂ ಲಗೇಜ್ ಟಿಕೆಟ್ ಕೇಳಲಿಲ್ಲ. ಒಬ್ಬ ಮಾತ್ರ ಓಡಿಸಿ ತೋರಿಸು ಅಂದನಂತೆ.

ಮುಂದಿನ ವರ್ಷದ್ದು ನನ್ನ ಕೊನೇ ಸ್ಪರ್ಧೆ. ಕಾವ್ಯ ಬಂದಳು, ಹತ್ತನೇ ಕ್ಲಾಸು. ಗಾಡಿ ನೋಡಿ ನನಗೆ ಗುರುತೇ ಸಿಗಲಿಲ್ಲ. ಚಕ್ರ ಬೇರೆ, ಸೆನ್ಸರು ಇದ್ದ ಜಾಗ ಬೇರೆ, ಮುಂದೆ ಆಲೂಗಡ್ಡೆ ಜಾರದ ಹಾಗೆ ತೆಂಗಿನ ಗರಟದ ಚೂರು. ಹೆಸರಿದ್ದ ತಗಡು ಮಾತ್ರ ಹಳೇದು.

"ಅಯ್ಯೋ ಇವಳೇ, ಪೂರ್ತಿ ಬಿಚ್ಚಿಬಿಟ್ಟಿದ್ದೀಯಲ್ಲೇ? ಬಿಚ್ಚಬೇಡಿ ಅಂತ ಅತ್ತವಳು ನೀನೇ ತಾನೆ?"

"ನೀವ್ ಬಿಚ್ಚಿದ್ರೆ ಪೆಟ್ಟಿಗೇಗ್ ಓಗ್ತಿತ್ತು ಮೇಡಂ. ನಾನ್ ಬಿಚ್ಚಿದ್ರೆ ವಾಪಸ್ ಜೋಡುಸ್ತೀನಲ್ಲ" ಅಂದಳು.

ದೇವೀರಮ್ಮ ಆವತ್ತು ಕೂಲಿ ಬಿಟ್ಟು ಬಂದಿದ್ದಳು. ಮನೇಲಿ ಬುದ್ಧನ ಫೋಟೋ ಪಕ್ಕ ಗಾಡಿ ಇಟ್ಟದ್ದು, ಸಿಮೆಂಟ್ ನೆಲದ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ಊರಿಗೆಲ್ಲ ಓಡಿಸಿ ತೋರಿಸಿದ್ದು, ಮದುವೆ ಊಟ ಅಂದವರನ್ನೇ ಮೊದಲ ಸಾಲಲ್ಲಿ ಕೂರಿಸಿದ್ದು, ಎಲ್ಲ ಒಂದೇ ಉಸಿರಲ್ಲಿ ಹೇಳಿದಳು. ಗಾಡಿ ನಿಧಾನಕ್ಕೆ ತೆವಳಿಕೊಂಡು ಹೋಗಿ ಆಲೂಗಡ್ಡೆನ ಬುಟ್ಟಿಗೆ ಹಾಕಿದಾಗ, "ಆಕ್ಬುಡ್ತು! ನನ್ ಮಗ್ಳು ಮಿಷಿನ್ ಆಕ್ಬುಡ್ತು!" ಅಂತ ಅವಳು ಕೂಗಿದ್ದು ವೇದಿಕೆವರೆಗೂ ಕೇಳಿಸಿತು. ಬೇರೆ ತಂಡಗಳ ಗಾಡಿ ಇನ್ನೂ ಬೇಗ ಹಾಕಿದ್ದವು, ಕಾವ್ಯಂಗೆ ಬಹುಮಾನ ಬರಲಿಲ್ಲ. ಆ ಕೂಗು ಕೇಳಿದವರಿಗೆ ಯಾರು ಗೆದ್ದರು ಅಂತ ಇವತ್ತಿಗೂ ನೆನಪಿಲ್ಲ.

ಹೊರಡೋವಾಗ ದೇವೀರಮ್ಮ ನನ್ನನ್ನ ಪಕ್ಕಕ್ಕೆ ಕರೆದಳು. ಧನ್ಯವಾದ ಹೇಳ್ತಾಳೆ ಅಂತ ನಾನು ಮುಖ ಸಿದ್ಧಮಾಡಿಕೊಂಡೆ.

"ಮೇಡಂ, ಈ ವರ್ಸ ತಟ್ಟೆ ಕೊಡಾಕಿಲ್ವಾ? ಒಂದೈತೆ, ಇನ್ನೊಂದಿದ್ರೆ ಜೋಡಿ ಆಗ್ತಿತ್ತು."

ಅಷ್ಟು ವರ್ಷ ಅರ್ಥಪೂರ್ಣ ಬಹುಮಾನ ಅಂತ ತಲೆ ಕೆಡಿಸಿಕೊಂಡವಳು ನಾನು! ಹೊಟ್ಟೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರೂ ಬಂತು. "ನಮ್ಮನೇಲಿ ಹೊಸ ತಟ್ಟೆ ಒಂದಿದೆ ದೇವೀರಮ್ಮ, ನಾನೇ ತಂದುಕೊಡ್ತೀನಿ" ಅಂದೆ.

ಅವಳು ಒಂದು ಗಳಿಗೆ ಯೋಚನೆ ಮಾಡಿ, ಅನುಮಾನದಿಂದಲೇ ಅಂದಳು. "ಎಸ್ರಾಕ್ಸಿರದು ಬ್ಯಾಡಿ ಮತ್ತೆ. ನಾವೇ ಆಕುಸ್ಕತೀವಿ."